ಕಿವಿಗುರುತಿನ ಇಂಗ್ಲಿಷ್

ನಮ್ಮ ಕಾವ್ಯ ಇಂಗ್ಲಿಷಿನಲ್ಲಿ ಪಾಸಾದಳು. ನನ್ನ ಮಗನ ಮಗಳು, ಎಸ್ಸೆಸ್ಸೆಲ್ಸಿಯಲ್ಲಿ ಅದೊಂದರಲ್ಲೇ ಬಿದ್ದಿದ್ದವಳು, ಇವತ್ತು ಬೆಳಿಗ್ಗೆ ಮೊಬೈಲು ಹಿಡಿದು ಓಡಿಬಂದು ನನ್ನ ತೊಡೆಯ ಮೇಲೆ ಬಿದ್ದು ಅತ್ತಳು. ನಾನೂ ಅತ್ತೆ. ಈ ಸಲವೂ ಬಿದ್ದರೆ ಓದು ಸಾಕು ಎಂದುಬಿಟ್ಟಿದ್ದ ನನ್ನ ಮಗ. ಆ ಅಂಜಿಕೆ ನನಗೆ ಹಳೆಯದು. ಹುಣಸೆಬೀಜದ ಗಂಜಿಯ ವಾಸನೆ ಬಡಿದರೆ ಈಗಲೂ ಎದ್ದು ಕೂರುತ್ತದೆ.

ಬರಗೂರಿನ ಹತ್ತಿರ ನಮ್ಮಪ್ಪನ ಮನೆಯಿತ್ತು. ಈಗ ಅಲ್ಲಿ ಗೋಡೆಯೂ ಇಲ್ಲ. ಅಪ್ಪ ಕುರಿ ಸಾಕುತ್ತಿದ್ದ, ಕಂಬಳಿ ನೇಯುತ್ತಿದ್ದ. ಅಂಗಳದ ಉದ್ದಕ್ಕೂ ಕಟ್ಟಿದ ಕರಿ ನೂಲಿಗೆ ಅವ್ವ ಗಂಜಿ ಬಳಿಯುವಾಗ ನಾನು ಪಕ್ಕದಲ್ಲೇ ನಡೆಯುತ್ತ ಇಂಗ್ಲಿಷ್ ಬಾಯಿಪಾಠ ಮಾಡುತ್ತಿದ್ದೆ. ನಿಮಗೂ ಅಂಥದೊಂದು ಅಂಗಳ ಇದ್ದಿರಬೇಕು. ಲುಕ್ ಆಫ್ಟರ್ ಅಂದರೆ ನೋಡಿಕೊಳ್ಳುವುದು, ಸಲಹುವುದು. ಲುಕ್ ಫಾರ್ ಅಂದರೆ ಹುಡುಕುವುದು. ಎರಡೂ ಕಲಸಿಹೋಗಿ, ಮೇಷ್ಟ್ರ ಕೋಲು ಕಣ್ಣಮುಂದೆ ಬಂದು ಅಳುತ್ತಿದ್ದೆ. ಒಂದಕ್ಷರ ಕಲಿಯದ ಅಪ್ಪ ಒಂದು ದಿನ ಕೇಳಿದ:

"ನಮ್ ಕುರಿ, ಪಕ್ಕದ ಮನೇರ ಕುರಿ, ಮಕ ಒಂದೇ ತರ ಅಲ್ವೇನವ್ವಾ. ಹೆಂಗ್ ಗುರ್ತು ಹಿಡೀತೀಯ?"

ಕಿವಿ ನೋಡಿ ಎಂದೆ. ಒಂದೊಂದು ಮನೆಯವರು ಕುರಿಯ ಕಿವಿಯಂಚನ್ನು ಒಂದೊಂದು ಥರ ಕತ್ತರಿಸಿ ಗುರುತು ಮಾಡುತ್ತಿದ್ದರು.

"ಇದೂ ಅಂಗೇಯ. ಮಕ ಬುಡು, ಕಿವಿ ನೋಡು."

ಲುಕ್ ಎಂಬುದು ಮುಖ, ಅದರ ಹಿಂದೆ ಬರುವ ಆಫ್ಟರ್, ಫಾರ್ ಕಿವಿ. ಅಂದಿನಿಂದ ಮನೆಯಲ್ಲಿ ತಪ್ಪಲಿಲ್ಲ. ಆದರೆ ಇನ್‌ಸ್ಪೆಕ್ಟರು ಶಾಲೆಗೆ ಬಂದು ಲುಕ್ ಆಫ್ಟರ್ ಎಂದರೇನು ಎಂದಾಗ ಗೊತ್ತಿದ್ದ ಉತ್ತರವನ್ನೇ ಮರೆತು ಎದ್ದು ನಿಂತೆ. ನಿಂತಲ್ಲೇ ಲಂಗ ಒದ್ದೆಯಾಯಿತು. ಹುಡುಗರು ನಕ್ಕರು. ಮಾರನೆಯ ದಿನ ಉಣ್ಣೆಯ ಗುಡ್ಡೆಯೊಳಗೆ ಅವಿತುಕೊಂಡೆ. ಅಪ್ಪ ಬಯ್ಯಲಿಲ್ಲ, ಹೊಸಿಲಲ್ಲಿ ನಿಂತು ನೋಡಿ, ಕುರಿ ಹೊಡೆದುಕೊಂಡು ಹೋದ. ನನ್ನ ಓದು ಅಲ್ಲಿಗೇ ಮುಗಿಯಿತು. ಪಾಪ, ಅದು ಅವನ ಪ್ರೀತಿ. ಆದರೂ ಕೈಹಿಡಿದು ಎಳೆದೊಯ್ದಿದ್ದರೆ ಎಂದು ಎಷ್ಟೋ ವರ್ಷ ಕೊರಗಿದ್ದೇನೆ.

ಕಿವಿಯ ಲೆಕ್ಕವನ್ನೇ ಕಾವ್ಯಳಿಗೂ ಹೇಳಿಕೊಟ್ಟೆ. ಕಲಿತಳು. ಆದರೆ ಮರುಪರೀಕ್ಷೆಯ ದಿನ ಬಾಗಿಲ ಹಿಂದೆ ನಿಂತು, "ಅಜ್ಜೀ, ಎಲ್ಲಾ ಮರ್ತೋಯ್ತು. ನಾ ಹೋಗಲ್ಲ" ಎಂದಳು. ಅವಳ ಕೈ ಹಿಡಿದೆ.

"ನಡಿ ಕಣಮ್ಮ, ನಾನೂ ಬತ್ತೀನಿ" ಎಂದು ಎಳೆದುಕೊಂಡೇ ಸಿರಾ ಬಸ್ಸು ಹತ್ತಿಸಿದೆ. ಅವಳು ಹೊರಬರುವವರೆಗೂ ಗೇಟಿನಾಚೆ ಬಿಸಿಲಲ್ಲಿ ಕೂತಿದ್ದೆ.

ಇವತ್ತು ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ನನ್ನ ಮಗ ಮೊದಲ ಮುದ್ದೆಯನ್ನು ಅವಳ ತಟ್ಟೆಗಿಟ್ಟು, ತಲೆಯೆತ್ತದೆ, ಮುಂದಕ್ಕೆ ಏನು ಓದುತ್ತೀಯ ಎಂದು ಕೇಳಿದ. ಅವಳು ಮೆಲ್ಲಗೆ ಶುರುಮಾಡಿ ಹೇಳುತ್ತಲೇ ಹೋದಳು. ಉಂಡ ಕೈ ಒಣಗಿದರೂ ಯಾರೂ ಏಳಲಿಲ್ಲ.