ತೊಟ್ಟಿಲು ಹೊತ್ತು ಹೋಗುತ್ತಿದ್ದವರು

ಮಾವನವರ ಎಡಗೈ ಹೆಬ್ಬೆರಳಿನ ಉಗುರು ವರ್ಷವಿಡೀ ಕರ್ರಗೇ ಇರುತ್ತಿತ್ತು. ಡೊಂಕಾದ ಹಳೆಯ ಮೊಳೆಗಳನ್ನು ಕಟ್ಟೆಯ ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡುವುದು ಅವರ ಮುಂಜಾನೆಯ ಕೆಲಸ. ಹೋಗಿಬರುವವರನ್ನೆಲ್ಲ ಮಾತಾಡಿಸುತ್ತ ಬಡಿಯುತ್ತಿದ್ದರಿಂದ ದಿನಕ್ಕೊಂದು ಏಟು ಬೆರಳಿಗೇ ಬೀಳುತ್ತಿತ್ತು.

“ಮೊದಲ ಮೊಳಿ ನೋಡ್ರಿ, ಮಂದೀನ ಆಮ್ಯಾಲ ನೋಡ್ರಿ,” ಎಂದು ಅತ್ತೆ ಒಳಗಿನಿಂದ ಕೂಗುವರು.

“ಮೊಳಿ ಎಲ್ಲಿ ಹೋಗ್ತೈತಿ? ಮಂದಿ ಹೋಗ್ತಾರ,” ಎನ್ನುವುದು ಇವರ ಉತ್ತರ.

ಮನೆಯಲ್ಲಿ ಏನೂ ಹಾಳಾಗುವಂತಿರಲಿಲ್ಲ. ಹರಿದ ಧೋತರ ಮೊದಲು ಟವೆಲ್ಲಾಗುತ್ತಿತ್ತು, ಆಮೇಲೆ ಒಲೆಯ ಮಸಿಬಟ್ಟೆ, ಕಡೆಗೆ ದೀಪದ ಬತ್ತಿ. ಚಹಾಪುಡಿ ಎರಡು ಸಲ ಕುದಿಯಲೇಬೇಕು. ಮೊದಲ ಸಲದ್ದು ಬಂದವರಿಗೆ, ಎರಡನೆಯದು ತಮಗೆ.

ಅಂಥವರ ಬಳಿ ಕಲಘಟಗಿಯಲ್ಲಿ ಮಾಡಿದ ಒಂದು ಮರದ ತೊಟ್ಟಿಲಿತ್ತು. ಅವರ ಅಜ್ಜ ಮಾಡಿಸಿದ್ದು. ಅರಗಿನ ಬಣ್ಣದ ಗಿಳಿಗಳು ಇನ್ನೂ ಮಿರಮಿರ ಮಿಂಚುತ್ತಿದ್ದವು. ಊರಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಅದೇ ಹೋಗಬೇಕು. “ಏಳೆಂಟು ತಿಂಗಳ ಮಾತಿಗೆ ಹೊಸಾದು ಯಾಕ ತರ್ತೀರಿ?” ಎಂದು ಗದರಿ, ತಾವೇ ಬಿಚ್ಚಿ ಹೆಗಲ ಮೇಲೆ ಹೊತ್ತು ಒಯ್ಯುವರು. ಜಂತಿಗೆ ಸರಪಳಿ ಹಾಕಿ, ಜೋತುಬಿದ್ದು ಎಳೆದು ನೋಡುವರು. ಖಾಲಿ ತೊಟ್ಟಿಲು ಹೊಸ್ತಿಲು ದಾಟಬಾರದೆಂದು ಅತ್ತೆ ಒಂದು ಹಿಡಿ ಗೋಧಿ ಹಾಕಿದ್ದರೆ, ಅದನ್ನು ಟವೆಲ್ಲಿನ ತುದಿಗೆ ಕಟ್ಟಿಕೊಂಡು ವಾಪಸು ತರುವರು. ಹೆಸರಿಡುವ ದಿನ ಮೊದಲ ಕರೆ ಅವರಿಗೇ. ಆ ಕೂಸುಗಳು ದೊಡ್ಡವರಾದ ಮೇಲೂ ಯಾರನ್ನೂ ಛೇಡಿಸದೆ ಬಿಡುತ್ತಿರಲಿಲ್ಲ: “ಈಗ ಮಾಸ್ತರ ಆಗಿ ಶಿಸ್ತ ಕಲಸ್ತಾನ. ನಮ್ಮ ತೊಟ್ಲಾ ದಿನಕ್ಕ ಐದ ಸಲ ತೋಯಿಸ್ತಿದ್ದ!”

ನನ್ನ ಮೊದಲ ಮಗುವೂ ಅದರಲ್ಲೇ ಮಲಗಿತ್ತು. ಮೂರು ತಿಂಗಳಿಗೆ ಜ್ವರ ಎದೆಗಿಳಿಯಿತು. ಹುಬ್ಬಳ್ಳಿಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜ್ವರಕ್ಕೂ ತೊಟ್ಟಿಲಿಗೂ ಸಂಬಂಧವಿಲ್ಲವೆಂದು ನನಗೂ ಗೊತ್ತಿತ್ತು. ಆದರೆ ಎರಡನೆಯವಳಿಗೆ ಹೆಸರಿಡುವ ದಿನ, ಓಣಿಯ ಹೆಂಗಸರೆಲ್ಲ ಕೂತಿದ್ದಾಗ, ಮಾವನವರು ಅದನ್ನೇ ಒರೆಸಿ ತಂದು ಜಂತಿಗೆ ಹಾಕತೊಡಗಿದರು. ನನ್ನ ಬಾಯಿಂದ ಬಂದೇ ಬಿಟ್ಟಿತು: “ಆ ತೊಟ್ಲಾಗ ನನ್ನ ಕೂಸು ಹಾಕೂದಿಲ್ಲ. ನಿಮ್ಮ ಉಳಿತಾಯಕ್ಕ ಒಂದು ಹೋಗೇತಿ, ಸಾಕು.”

ಮಾವನವರು ಸರಪಳಿ ಕಳಚಿ, ಸಪ್ಪಳವಾಗದಂತೆ ತೊಟ್ಟಿಲನ್ನು ಹೊರಗೆ ಒಯ್ದರು. ಮಗಳಿಗೆ ಸೀರೆಯ ಜೋಳಿಗೆ ಕಟ್ಟಿ ಹೆಸರಿಟ್ಟೆವು.

ಆ ಮಾತು ಹೆಂಗಸರ ಜೊತೆ ಮನೆಮನೆಗೆ ಹೋಯಿತು. ಆಮೇಲೆ ಯಾರೂ ತೊಟ್ಟಿಲು ಕೇಳಲಿಲ್ಲ. ಬಾಣಂತಿ ಇದ್ದ ಮನೆಗೆ ಮಾವನವರು ಹೋದರೆ ಚಹಾ ಹೊರಗಿನ ಕಟ್ಟೆಗೇ ಬರುತ್ತಿತ್ತು, ಒಳಗೆ ಕರೆಯುತ್ತಿರಲಿಲ್ಲ. ಎಷ್ಟೋ ವರ್ಷ ಹೀಗೇ ಕಳೆದವು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ನನ್ನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡೇ ಸಂತೆಗೆ ಹೋಗಿಬಂದರು.

ಹೋದ ವರ್ಷ ಅವರ ಕಾಲು ಬಾತು, ಉಸಿರು ಸಾಲದೆ ಪಡಸಾಲೆಯಲ್ಲೇ ಮಲಗಿದರು. ಒಂದು ಮಧ್ಯಾಹ್ನ ಎದುರು ಮನೆಯ ಕಾಕಾ ಬಂದರು. ಗಾದಿ ಹೊಲಿಯುವವರು, ಮಾವನವರ ಚಿಕ್ಕಂದಿನ ಗೆಳೆಯ. ಅವರ ಮೊಮ್ಮಗಳು ಹಡೆದಿದ್ದಳು.

“ಲೇ ದೋಸ್ತ, ತೊಟ್ಲಾ ಕೊಡಲೇ. ನನ್ನ ನಾಕೂ ಮಕ್ಕಳು ಅದರಾಗ ಬೆಳದಾವು. ಮಂದಿ ಮಾತಿಗೆ ಬೆಂಕಿ ಹಚ್ಚು.”

ಮಾವನವರ ಮುಖ ಅರಳಿದ್ದನ್ನು ಚಹಾ ಹಿಡಿದು ನಿಂತಿದ್ದ ನಾನು ಕಂಡೆ. ಏಳಲು ಕೈ ಊರಿದರು. ಆಮೇಲೆ ನನ್ನ ಕಡೆ ತಿರುಗಿ, “ಏನವಾ ತಂಗಿ, ಕೊಡೂಣೇನ?” ಎಂದರು.

ಹೂಂ ಅನ್ನಬೇಕಿತ್ತು. ಆ ಕೂಸಿಗೂ ಏನಾದರೂ ಆದರೆ ಎಂದು ಹೆದರಿದೆ. ಕಪ್ಪು ಕೆಳಗಿಟ್ಟು ನೆಲ ನೋಡಿದೆ.

ಮಾವನವರು ಮೆಲ್ಲಗೆ ದಿಂಬಿಗೆ ಒರಗಿದರು. “ಬ್ಯಾಡ ಬಿಡಲೇ. ನಿಮ್ಮ ಮನ್ಯಾಗ ಎಳದಾಡಿ ಬಣ್ಣಾ ಕೆಡಸ್ತೀರಿ. ನನ್ನ ಮೊಮ್ಮಗಳ ಕೂಸಿಗೆ ಬೇಕಾಗ್ತೈತಿ.”

ಕಾಕಾ ಎದ್ದು ನಿಂತರು. “ಹೋಗೂವಾಗ ಕಟ್ಟಿಗೊಂಡು ಹೋಗಾಂವ ಇದ್ದೀಯೇನ? ಇಷ್ಟು ಜಿಪುಣ ಆಗೀದಿ ಅಂತ ಗೊತ್ತಿದ್ದಿಲ್ಲ.” ಚಹಾ ಮುಟ್ಟದೆ ಹೊರಟುಹೋದರು.

“ಮಾಂವಾರ...” ಎಂದೆ.

“ಚಹಾ ಚೆಲ್ಲಬ್ಯಾಡ, ಇತ್ತ ಕೊಡು,” ಎಂದರು. ಅಷ್ಟೇ.

ಹದಿನೈದು ದಿನಕ್ಕೆ ಅವರು ತೀರಿಕೊಂಡರು. ಕಾಕಾ ಬಂದು ಕಾಲ ಬಳಿ ಕೂತು ಅತ್ತರು. ಹೊರಡುವಾಗ ಕಟ್ಟೆಯ ಮೇಲಿದ್ದವರಿಗೆ, “ಜೀವಕ್ಕ ಜೀವ ಕೊಡೂ ಮನಿಷ್ಯಾ ಇದ್ದ. ಕಡೀಕ ಒಂದು ಕಟಗಿ ಸಲುವಾಗಿ ನನ್ನ ಮನಸ್ಸು ಮುರದ ಹ್ವಾದ,” ಎಂದರು. ನಾನು ನೀರಿನ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಕಾಕಾ ಮುಖ ತೊಳೆಯಲು ಬೊಗಸೆ ಒಡ್ಡಿದರು. ಬ್ಯಾಡ ಅಂದದ್ದು ಅವರಲ್ಲ, ನಾನು ಎಂದು ಹೇಳಲಿಲ್ಲ. ನೀರು ಹಾಕಿದೆ.

ಕಾಕಾ ಈಗಲೂ ಎದುರು ಮನೆಯಲ್ಲೇ ಇದ್ದಾರೆ. ನಾನು ಅಂಗಳ ಗುಡಿಸುವಾಗ ದಿನಾ “ಆರಾಮೇನವಾ?” ಎಂದು ಕೇಳುತ್ತಾರೆ. “ಆರಾಮರಿ ಕಾಕಾ,” ಎನ್ನುತ್ತೇನೆ.