ವಾಡಿಯಿಂದ ಬಿಚ್ಚಿ ತಂದ ಸಿಲಿಂಡರ್

ಎಪ್ಪತ್ತರ ದಶಕದಲ್ಲಿ ನಾನು ಹುಮನಾಬಾದ ತಾಲ್ಲೂಕಿನ ಕೈಪಂಪುಗಳ ಮೆಕ್ಯಾನಿಕ್ ಆಗಿದ್ದೆ. ಊರೂರಿಗೆ ಬೋರು ಕೊರೆಯುವ ಕೆಲಸ ಜೋರಾಗಿ ನಡೆದಿತ್ತು. ಹೊಸ ಪಂಪಿಗೆ ಹಾರ ಹಾಕುವವರು ಬಹಳ ಮಂದಿ. ಹಳೆಯದಕ್ಕೆ ಒಂದು ವಾಷರ್ ಬೇಕೆಂದರೆ ಕೇಳುವವರಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅಧಿಕಾರಿಗಳ ಮನೆಗಳ ಹಿಂದಿನ ಪಂಪು ಕೆಟ್ಟು ನಿಂತಿತು. ನೆಲದಡಿಯಿಂದ ನೀರೆತ್ತುವ ಸಿಲಿಂಡರ್ ಒಡೆದಿತ್ತು. ನಮ್ಮ ಸಾಹೇಬರು ನನ್ನನ್ನು ಕರೆದರು.

"ಘಾಟಬೋರಾಳದ ಆಚೆ ಕುರಿಗಾರರ ವಾಡಿ ಅದಲ್ಲ, ಅಲ್ಲಿದು ಬಿಚ್ಚಿ ತಾ. ಅಲ್ಲಿ ಮಂದಿ ಕಡಿಮಿ. ಹಳೇ ಬಾವಿನೂ ಅದ."

"ಅದು ಚಲೋ ನಡ್ಯಾಕತ್ತದ್ರಿ ಸಾಹೇಬ್ರ."

"ಅದಕ್ಕ ಹೇಳಾಕತ್ತೇನಿ."

ಹೋಗಿ ಬಿಚ್ಚಿದೆ. ರಿಪೇರಿಗೆ ಒಯ್ಯುತ್ತಾನೆಂದು ನಂಬಿ ವಾಡಿಯ ಗಂಡಸರೇ ಕೊಳವೆಗಳನ್ನು ಎಳೆದುಕೊಟ್ಟರು. ಒಬ್ಬ ಮುದುಕಿ ಮಜ್ಜಿಗೆ ತಂದಳು. "ಎಂಟು ದಿನದಾಗ ತರ್ತೀನ್ರಿ" ಎಂದು ಹೇಳಿ, ಕುಡಿದು, ಜೀಪು ಹತ್ತಿದೆ.

ಹೊಸ ಸಿಲಿಂಡರ್ ಬರುವಷ್ಟರಲ್ಲಿ ಎರಡು ತಿಂಗಳಾಗಿತ್ತು. ಬಂದ ದಿನವೇ ಅದನ್ನು ಜೀಪಿಗೆ ಹಾಕಿಕೊಂಡು ವಾಡಿಗೆ ಹೊರಟೆ. ನಾಲ್ಕು ದಿನಗಳ ಹಿಂದೆ ಆ ಮುದುಕಿಯ ಸೊಸೆ, ಬಸುರಿ, ಕೊಡ ಹೊತ್ತು ಬಾವಿಯ ಮುರುಕು ಮೆಟ್ಟಿಲಲ್ಲಿ ಜಾರಿ, ತಲೆಯೊಡೆದು ಸತ್ತಿದ್ದಳು. ಆ ಸುದ್ದಿ ನನಗೆ ಮುಟ್ಟಿರಲಿಲ್ಲ.

ನಾನು ಜೀಪಿನಿಂದ ಕಾಲು ಕೆಳಗಿಟ್ಟಿದ್ದೆನಷ್ಟೆ, ಮೊದಲ ಕಲ್ಲು ಗಾಜಿಗೆ ಬಿತ್ತು. ಸಿಲಿಂಡರ್ ಕೆಳಗಿಳಿಸಿಕೊಂಡು, ನಾನು ಮತ್ತೆ ಹತ್ತುವುದರೊಳಗೆ ಡ್ರೈವರ್ ಗಾಡಿ ತಿರುಗಿಸಿ ಓಡಿಬಿಟ್ಟ. ಸತ್ತವಳ ಗಂಡ ಕೊಡಲಿಯ ಕಾವಿನಿಂದ ನನ್ನ ಎಡಗೈಗೆ ಹೊಡೆದ. ಎಲುಬು ಮುರಿದದ್ದು ನೋವಿಗಿಂತ ಮೊದಲು ಕಿವಿಗೆ ಕೇಳಿಸಿತು. ಬಿದ್ದವನ ಪಕ್ಕೆಗೆ, ಬೆನ್ನಿಗೆ, ಬಾಯಿಗೆ ಒದ್ದರು.

"ಯಾರ ಮನ್ಯಾಗ ಇಟ್ಟಿದಿ ನಮ್ಮ ಬೋರಿಂಗ್? ಹೇಳು!"

ಹೇಳಿದೆ. ಹೇಳಿದ ಮೇಲೆ ಇನ್ನೂ ಹೊಡೆದರು.

ಆಮೇಲೆ ಕಾಲು ಹಿಡಿದು ಬಾವಿಯ ತನಕ ಎಳೆದೊಯ್ದರು. ಮೆಟ್ಟಿಲ ಮೇಲೆ ಒಣಗಿದ ರಕ್ತ ಇನ್ನೂ ಇತ್ತು. ಗಂಡ ನನ್ನನ್ನು ಅಂಚಿಗೆ ದೂಡಿದ. ಆಗ ಮುದುಕಿ ಕೂಗಿದಳು: "ಅದರಾಗ ಒಗಿಬ್ಯಾಡೋ! ನಾಳಿ ಕುಡ್ಯಾಕ ಅದರಾಗಿಂದನ ತರಬೇಕು."

ಅವಳು ನನಗಾಗಿ ಹೇಳಿರಲಿಲ್ಲ. ಆದರೂ ಆ ಮಾತಿನಿಂದಲೇ ನಾನು ಬದುಕಿದೆ.

ಮುರಿದ ಕೈಯನ್ನು ಒಬ್ಬರ ರುಮಾಲಿನಲ್ಲಿ ಎದೆಗೆ ಕಟ್ಟಿ, ನನ್ನನ್ನು ಪಂಪಿನ ಹತ್ತಿರ ಕೂರಿಸಿದರು. ನಾನು ಹೇಳುತ್ತಾ ಹೋದೆ, ಅವರು ಕೊಳವೆ ಜೋಡಿಸುತ್ತಾ ಹೋದರು. ತಪ್ಪಿದಾಗೊಮ್ಮೆ ಬೈದು, ಬೆನ್ನಿಗೊಂದು ಗುದ್ದಿದರು. ಇಳಿಹೊತ್ತಿಗೆ ನೀರು ಬಂತು. ಯಾರೂ ಖುಷಿಯಿಂದ ಕೂಗಲಿಲ್ಲ. ನನ್ನನ್ನು ಎತ್ತಿನ ಗಾಡಿಯಲ್ಲಿ ಹಾಕಿ ರಸ್ತೆಗೆ ಬಿಟ್ಟುಹೋದರು.

ಮರುದಿನ ಸಾಹೇಬರು ಆಸ್ಪತ್ರೆಗೆ ಬಂದು, ಬರೆದು ತಂದಿದ್ದ ಫಿರ್ಯಾದಿಗೆ ಸಹಿ ಕೇಳಿದರು. ಸಿಲಿಂಡರ್ ಬಿಚ್ಚಿ ತಂದ ಮಾತು ಅದರಲ್ಲಿ ಇರಲಿಲ್ಲ. ನನಗೆ ಸಿಟ್ಟಿತ್ತು, ಸಹಿ ಮಾಡಿದೆ. ಪೊಲೀಸರು ವಾಡಿಗೆ ನುಗ್ಗಿ ಸಿಕ್ಕವರನ್ನೆಲ್ಲ ಬಡಿದರು. ಗುರುತು ಹಿಡಿಯಲು ನನ್ನನ್ನು ಠಾಣೆಗೆ ಒಯ್ದಾಗ ಆ ಗಂಡ ಅಂಗಳದಲ್ಲಿ ಬಿದ್ದಿದ್ದ. ಒಬ್ಬ ಪೇದೆ ಅವನ ಬೆರಳುಗಳ ಮೇಲೆ ಬೂಟು ಒತ್ತಿ ನಿಂತು ಕೇಳಿದ:

"ಇವನೇನ್ರಿ?"

"ಅಲ್ರಿ."

"ಸರಿ ನೋಡ್ರಿ."

"ನೋಡೀನ್ರಿ. ಇವ ಅಲ್ಲ. ಇವನ ಬೋರಿಂಗ್ ನಾನೇ ಕಿತ್ತಿದ್ದೆ. ಸಾಹೇಬ್ರು ಹೇಳಿದ್ರು, ಕಿತ್ತೆ. ಅದನ್ನೂ ಬರ್ಕೋರಿ."

ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಎರಡು ದಿನಕ್ಕೆ ಅವನನ್ನು ಬಿಟ್ಟಾಗ ನಾನು ಠಾಣೆಯ ಬಾಗಿಲಲ್ಲಿ ಕಾಯುತ್ತಿದ್ದೆ. ಬಾಗಿಲು ದಾಟುವಾಗ ಅವನು ನನ್ನ ಕಾಲ ಬಳಿ ರಕ್ತ ಉಗುಳಿದ. ನಾನು ಕಾಲು ಹಿಂದಕ್ಕೆ ತೆಗೆಯಲಿಲ್ಲ.

ನನ್ನನ್ನು ಬಸವಕಲ್ಯಾಣಕ್ಕೆ ವರ್ಗ ಮಾಡಿದರು. ಅಲ್ಲಿ ಇನ್ನೊಬ್ಬ ಸಾಹೇಬರು ಒಂದು ದಿನ, ನಡೆಯುವ ಪಂಪು ಬಿಚ್ಚಲು ಹೇಳಿದರು. ಕೈಲಿದ್ದ, ನಟ್ಟು ಬಿಚ್ಚುವ ಪಾನಾವನ್ನು ಅವರ ಮೇಜಿನ ಮೇಲೆ ಎತ್ತಿ ಹಾಕಿದೆ, ಮೇಜಿನ ಗಾಜು ಚೂರಾಯಿತು. ಮೂರು ತಿಂಗಳು ಅಮಾನತಿನಲ್ಲಿದ್ದೆ. ಆ ಪಂಪನ್ನು ಬೇರೆಯವನು ಹೋಗಿ ಬಿಚ್ಚಿ ತಂದ.