ಜೊಂಡು ಬೆಳೆಯದ ಜಾಗ

ಮೊನ್ನೆ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದಿಂದ ಒಂದು ಸುರುಳಿ ಚಾಪೆ ಬಿತ್ತು. ಬಿಚ್ಚಿದೆ. ಒಣಗಿದ ಜೊಂಡಿನ ವಾಸನೆ, ಅದರ ಹಿಂದೆಯೇ ಕೆರೆಯ ಕೆಸರಿನ ವಾಸನೆ… ಬಣ್ಣದವನು "ಎಸೆದ್ಬಿಡ್ಲಾ ಮೇಡಂ?" ಎಂದ. ಪಾಪ, ಅವನದೇನು ತಪ್ಪು, ಆದರೂ ಅವನ ಮೇಲೆ ರೇಗಿದೆ.

ಅದನ್ನು ಹೆಣೆದವರು, ನಾನು ಹೆಬ್ಬೂರಿನ ಆಚೆಯ ಹಳ್ಳಿಯೊಂದರಲ್ಲಿ ಟೀಚರಾಗಿದ್ದಾಗ ಪಕ್ಕದ ಮನೆಯಲ್ಲಿದ್ದ ಅಜ್ಜಿ. ಊರಿಗೆಲ್ಲ ಚಾಪೆ ಅಜ್ಜಿ. ಅವರೂ ಒಬ್ಬರೇ, ನಾನೂ ಒಬ್ಬಳೇ. ಆದರೆ ನನಗೆ ಶನಿವಾರ ಮಧ್ಯಾಹ್ನ ತುಮಕೂರಿಗೆ ಬಸ್ಸಿತ್ತು, ಅವರಿಗೆ ಯಾವ ಊರಿಗೂ ಹೋಗುವುದಿರಲಿಲ್ಲ.

ಊರ ಕೆರೆಯ ಹಿನ್ನೀರೆಂದರೆ ಆಳೆತ್ತರದ ಜೊಂಡು ಬೆಳೆದ ಜೌಗು, ದನಗಳೂ ಇಳಿಯದ ಜಾಗ. ಮಹಾಯುದ್ಧದ ಕಾಲದಲ್ಲಿ ಬಾಂಬರ್ ವಿಮಾನವೊಂದು ಅದರೊಳಗೆ ಬಿದ್ದು ಹೂತುಹೋಗಿತ್ತು. ಹಿಂದೆಲ್ಲ ಬೇಸಿಗೆಯಲ್ಲಿ ರೆಕ್ಕೆಯ ತುದಿ ಕಾಣುತ್ತಿತ್ತಂತೆ. ಅಜ್ಜಿಯ ಮದುವೆಯಾದ ಮೂರನೆಯ ವರ್ಷ, ಅವರ ಗಂಡ ಅದರ ತಗಡನ್ನು ಕುಣಿಗಲ್ಲಿನ ಪಾತ್ರೆಯವರಿಗೆ ಮಾರುತ್ತೇನೆಂದು ಗರಗಸ ಹಿಡಿದು ಜೌಗಿಗಿಳಿದವನು ವಾಪಸ್ ಬರಲಿಲ್ಲ. ಅಂದಿನಿಂದ ಅಜ್ಜಿ ಕುಂಕುಮ ಇಟ್ಟವರಲ್ಲ. ಅದೇ ಜೌಗಿನ ಜೊಂಡು ಕೊಯ್ದು, ಚಾಪೆ ಹೆಣೆದು ನಲವತ್ತು ವರ್ಷ ಬದುಕಿದರು. ತವರಿನವರು ಕರೆದರೂ ಹೋಗಲಿಲ್ಲವಂತೆ. ಯಾಕೆಂದು ಒಮ್ಮೆ ಕೇಳಿದ್ದೆ.

"ಅವ್ನು ಇಲ್ಲೇ ಬಿದ್ದವ್ನಲ್ಲಾ ಟೀಚರಮ್ಮ. ಎತ್ತಿ ಮಣ್ಣು ಮಾಡ್ಬೇಕು. ಆಮೇಲ್ ಬೇಕಾದ್ರೆ ಎಲ್ಲಿಗಾರ ಹೋಗಾನ ಬುಡಿ."

ನನಗೋ ಅರ್ಜಿ ಬರೆಯುವ ಚಟ. ಬೀದಿ ದೀಪಕ್ಕೆ, ಶಾಲೆಯ ಹೆಂಚಿಗೆ, ಎಲ್ಲದಕ್ಕೂ ಗೀಚುತ್ತಿದ್ದೆ. ಯುದ್ಧದಲ್ಲಿ ಕಾಣೆಯಾದವರನ್ನು ಹುಡುಕುವ ಕಚೇರಿಯೊಂದು ಇದೆಯೆಂದು ಪೇಪರಿನಲ್ಲಿ ಓದಿ, ಜೌಗಿನ ವಿಮಾನದ ವಿಷಯ ಅಲ್ಲಿಗೂ ಬರೆದೆ. ಬೀದಿ ದೀಪ ಬರಲೇ ಇಲ್ಲ, ಇವರು ಬಂದರು!

ಬೇಸಿಗೆಯಲ್ಲಿ ಕೆರೆ ಇಳಿದಾಗ ಆ ಕಚೇರಿಯ ಐದಾರು ಜನ ಸಾಹೇಬರು ಪಂಪು, ಕ್ರೇನು ತಂದರು. ಮೊದಲ ದಿನವೇ ಕ್ರೇನು ಅರ್ಧ ಚಕ್ರ ಹೂತಿತು. ಸಾಹೇಬರು ಮ್ಯಾಪು ಹರವಿಕೊಂಡು ಕೂತರು. ಅಜ್ಜಿ ಬಂದು, ಜೊಂಡಿನ ಹೊರೆಗಳನ್ನು ಹಾಸಿ ಮೇಲೆ ತೆಂಗಿನ ದಿಮ್ಮಿಗಳನ್ನು ಅಡ್ಡ ಜೋಡಿಸಿ ಎಂದರು. ದಾರಿ ಗಟ್ಟಿಯಾಯಿತು. ವಿಮಾನದ ಜಾಗ ತೋರಿಸಿದವರೂ ಅವರೇ.

"ಅಗೋ, ಅಲ್ಲಿ ಮಾತ್ರ ಜೊಂಡು ಬೆಳೆಯಾಕಿಲ್ಲ. ಬೇರಿಗೆ ತಗಡು ಸಿಕ್ತದೆ. ನಂಗೊತ್ತಿಲ್ವಾ?"

ಒಂಬತ್ತನೆಯ ದಿನ ವಿಮಾನ ಮೇಲೆದ್ದಿತು. ಮೈತುಂಬ ಕಪ್ಪು ಕೆಸರು. ರೆಕ್ಕೆಯ ತುದಿಯಲ್ಲಿ ಗರಗಸ ಆಡಿದ ಗುರುತಿತ್ತು. ಅದನ್ನು ಕಂಡದ್ದೇ ಅಜ್ಜಿ ನನ್ನ ತೋಳು ಹಿಡಿದುಕೊಂಡರು. ಅವರ ಕಂಕುಳಲ್ಲಿ ಹೊಸದೊಂದು ಬಿಳಿ ಪಂಚೆ ಇತ್ತು. ಎರಡು ದಿನ ಕೆಸರನ್ನು ಜರಡಿ ಹಿಡಿದಾಗ ಇಬ್ಬರ ಮೂಳೆಗಳು ಸಿಕ್ಕವು. ಸಾಹೇಬರ ಕಾಗದದಲ್ಲೂ ವಿಮಾನದಲ್ಲಿದ್ದವರು ಇಬ್ಬರೇ. ಸಾಹೇಬರು ಮೂಳೆಗಳಿಗೆ ಬಟ್ಟೆ ಹೊದಿಸಿ ಸೆಲ್ಯೂಟ್ ಹೊಡೆದರು.

"ಮೂರ್ನೇದು?" ಎಂದರು ಅಜ್ಜಿ. "ಇನ್ನೊಂದ್ಸಲ ನೋಡಕ್ಕೇಳಿ ಟೀಚರಮ್ಮ. ಎತ್ತರದ ಆಳು ಅವ್ನು."

ಹೇಳಿದೆ. ಒಳ್ಳೆಯ ಜನ, ಇನ್ನೊಂದು ದಿನ ಸುತ್ತಲೂ ತೋಡಿದರು. ಏನೂ ಇರಲಿಲ್ಲ. ಗರಗಸವೂ ಇರಲಿಲ್ಲ.

ವಾರ ಕಳೆಯುವಷ್ಟರಲ್ಲಿ ಬೀದಿಯ ಹೆಂಗಸರು ಕುಂಕುಮದ ಬಟ್ಟಲು ಹಿಡಿದು ಬಂದರು. ಗಂಡ ಎಲ್ಲೋ ಬದುಕಿರಬಹುದು, ಇಟ್ಟುಕೋ ಎಂದು. ಅವರಿಗೆ ಅದು ಶುಭ ಸಮಾಚಾರ. "ಯಾರ್ ಹೆಸ್ರಲ್ಲಿ ಇಟ್ಕೊಳ್ಲಿ?" ಎಂದು ಕೇಳಿ ಅಜ್ಜಿ ಬಾಗಿಲು ಹಾಕಿಕೊಂಡರು.

ಅವತ್ತು ಸಂಜೆ, ಯಾರಿಗೂ ಹೇಳದಿದ್ದ ಒಂದು ಮಾತನ್ನು ನನಗೆ ಹೇಳಿದರು. ಗಂಡ ಕಾಣೆಯಾದ ವಾರವೇ ಗುಬ್ಬಿಯ ತೆಂಗಿನಕಾಯಿ ವ್ಯಾಪಾರಿಯೊಬ್ಬ, ನಿನ್ನ ಗಂಡ ನಮ್ಮೂರ ಸ್ಟೇಷನ್ನಿನಲ್ಲಿ ರೈಲು ಹತ್ತಿದ್ದನ್ನು ಕಂಡೆ ಎಂದಿದ್ದನಂತೆ. ಅಜ್ಜಿ ಪೊರಕೆ ತೋರಿಸಿ ಅಟ್ಟಿದ್ದರಂತೆ. ಮಾರನೆಯ ದಿನ ಇಬ್ಬರೂ ಗುಬ್ಬಿಗೆ ಹೋದೆವು. ಮನೆ ಸಿಕ್ಕಿತು, ವ್ಯಾಪಾರಿ ತೀರಿಕೊಂಡು ಆರು ವರ್ಷವಾಗಿತ್ತು. ಸೊಸೆ ಮಜ್ಜಿಗೆ ಕೊಟ್ಟಳು. ಅವಳಿಗೇನೂ ಗೊತ್ತಿರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಜ್ಜಿ ಆಡಿದ್ದು ಒಂದೇ ಮಾತು. "ಒಬ್ನೇ ಹತ್ತಿದ್ನಾ, ಜೊತೇಲಿ ಯಾರಾರ ಇದ್ರಾ ಅಂತ ಕೇಳ್ಬೇಕಿತ್ತು. ಅಷ್ಟೇಯಾ."

ಆಮೇಲೆ ಅವರು ಜೊಂಡು ಕೊಯ್ಯಲು ಹೋಗಲಿಲ್ಲ… ನನಗೆ ವರ್ಗವಾಯಿತು. ವರ್ಷ ತುಂಬುವುದರೊಳಗೆ ಅಜ್ಜಿ ಹೋದರೆಂದು ಯಾರೋ ಬಸ್ ಸ್ಟ್ಯಾಂಡಿನಲ್ಲಿ ಹೇಳಿದರು. ಮಣ್ಣಿಗೂ ಹೋಗಲಾಗಲಿಲ್ಲ.

ಈಗ ರಿಟೈರಾಗಿ ಮನೆಯಲ್ಲಿದ್ದೇನೆ, ಯೋಚಿಸಲು ಬೇಕಾದಷ್ಟು ಹೊತ್ತಿದೆ. ಆ ಇಬ್ಬರು ಅಪರಿಚಿತರಿಗೆ ಕೊನೆಗೂ ಗೋರಿ ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ. ಆಗುವುದಿಲ್ಲ. ಕೆಸರಿನಡಿಯಲ್ಲಾದರೂ ಅಜ್ಜಿಗೆ ನಲವತ್ತು ವರ್ಷ ಒಬ್ಬ ಗಂಡನಿದ್ದ. ಒಂದು ಅರ್ಜಿ ಬರೆದು ಅವನನ್ನೂ ಇಲ್ಲವಾಗಿಸಿದವಳು ನಾನು.